ಬಲಗಡೆಯ ಗಾಳಿಗೆ ಎಡಗಾಲು

"ಚೆನ್ನಾಗೇ ಇಳಿಸ್ದೆ ಕಣೋ ಕೌಟ್ಸ್. ಆದ್ರೆ ಆ ಎಡಗಾಲು ಇದೆಯಲ್ಲ, ಅದು ಇನ್ನೊಂದು ಸ್ವಲ್ಪ ಮಾತು ಕೇಳ್ಬೇಕು," ಅಂದ ವೇಡ್ ಓಸ್ಟರ್.

ಈ ಮಾತನ್ನು ಅವನು ಆವತ್ತೇ ಮೊದಲ ಸಲ ಅಂದಿದ್ದರೆ ಇಲ್ಲಿ ಕಥೆಯೇ ಇರುತ್ತಿರಲಿಲ್ಲ. ಹೋದ ವರ್ಷ ಗೋಧಿ ಕಟಾವಿನ ಹೊತ್ತಿಗೆ ಅಂದಿದ್ದ. ಬಿತ್ತನೆಗೆ ಅಂದಿದ್ದ. ಹಿಮ ಬಿದ್ದಾಗ ಅಂದಿದ್ದ, ಕರಗಿದಾಗಲೂ ಅಂದಿದ್ದ. ಈಗ ಮತ್ತೆ ಗೋಧಿ ಹಣ್ಣಾಗಿ ಕಟಾವಿನ ಯಂತ್ರಗಳು ರಸ್ತೆಗಿಳಿದಿದ್ದವು, ವೇಡ್ ಮಾತ್ರ ಆ 'ಇನ್ನೊಂದು ಸ್ವಲ್ಪ' ಬಿಟ್ಟು ಒಂದಿಂಚು ಮುಂದೆ ಹೋಗಿರಲಿಲ್ಲ.

ಲೈಲ್ ಕೌಟ್ಸ್ ಎಡತೊಡೆಯನ್ನು ಎರಡೂ ಕೈಯಲ್ಲಿ ಎತ್ತಿ ವಿಮಾನದಿಂದ ಹೊರಗಿಟ್ಟು, ಅದರ ಹಿಂದೆ ತಾನೂ ಇಳಿದ. ಬಿಸಿಲಿಗೆ ಬೆವೆತು ಮೊಂಡುಗಾಲು ಕೃತಕ ಕಾಲಿನ ಬಟ್ಟಲೊಳಗೆ ಜಾರುತ್ತಿತ್ತು. ಅಲ್ಲೇ ರೆಕ್ಕೆಯ ನೆರಳಲ್ಲಿ ಕೂತು ಕಾಲು ಬಿಚ್ಚಿ, ಇನ್ನೊಂದು ಕಾಲುಚೀಲ ಏರಿಸಿ ಮತ್ತೆ ಹಾಕಿಕೊಂಡ. ವಿಮಾನದಲ್ಲಿ ಕೂತಾಗ ತಾನು ಕುಂಟ ಅನ್ನುವುದು ಅವನಿಗೆ ನೆನಪೇ ಇರುತ್ತಿರಲಿಲ್ಲ. ಇಳಿದ ಮೇಲೆ ವೇಡ್ ನೆನಪಿಸುತ್ತಿದ್ದ.

ಮೊಣಕಾಲಿನ ಕೆಳಗಿನ ಆ ಕಾಲು ಅಫ್ಘಾನಿಸ್ತಾನದ ಒಂದು ಕಾಲುವೆ ದಂಡೆಯಲ್ಲಿ, ನೆಲಬಾಂಬಿಗೆ ಹೋದದ್ದು. ಹೊಗೆಯೊಳಗೆ ನುಗ್ಗಿ, ಅವನನ್ನು ಹೆಗಲ ಮೇಲೆ ಹಾಕಿಕೊಂಡು ಹೆಲಿಕಾಪ್ಟರ್ ಇಳಿಯುವ ಬಯಲಿನ ತನಕ ಓಡಿದವನು ಇದೇ ವೇಡ್, ಆಗಿನ ಸಾರ್ಜೆಂಟ್ ಓಸ್ಟರ್. ಆ ತುಕಡಿಯಲ್ಲಿ ಬರೆಯದ ಒಂದು ನೇಮವಿತ್ತು. ಸಾರ್ಜೆಂಟನ ತಲೆ ದಾಟಿ ಯಾರೂ ಮೇಲಿನವರ ಹತ್ತಿರ ಹೋಗಬಾರದು. ಸಾರ್ಜೆಂಟ್ ರಾತ್ರಿಯನ್ನು ಹಗಲು ಅಂದರೂ ಹಗಲೇ. ಸೈನ್ಯ ಬಿಟ್ಟು ಎಷ್ಟೋ ವರ್ಷವಾದರೂ ಲೈಲ್ ಅವನನ್ನು ಸಾರ್ಜೆಂಟ್ ಅಂತಲೇ ಕರೆಯುತ್ತಿದ್ದ, ಬಹುವಚನದಲ್ಲೇ ಮಾತಾಡಿಸುತ್ತಿದ್ದ. ವೇಡನಿಗೂ ಅದು ಬೇಡವಾಗಿರಲಿಲ್ಲ.

ಸೈನ್ಯದಿಂದ ಬಂದ ಮೇಲೆ ವೇಡ್ ನಮ್ಮ ಈ ಪಶ್ಚಿಮ ನೆಬ್ರಾಸ್ಕಾದ ಬಯಲಿನಲ್ಲಿ ಒಂದು ಹಳೆಯ ಏರ್‌ಸ್ಟ್ರಿಪ್ ಹಿಡಿದು, ಎರಡು ವಿಮಾನ ಇಟ್ಟುಕೊಂಡು ಹಾರಾಟದ ಶಾಲೆ ತೆರೆದ. ಯುದ್ಧದಲ್ಲಿ ಅಂಗ ಕಳೆದುಕೊಂಡವರಿಗೆ ಹೊಸ ಕಸುಬು ಕಲಿಸಲು ಸರ್ಕಾರವೇ ಖರ್ಚು ಹಾಕುತ್ತದಲ್ಲ, ಆ ಸವಲತ್ತಿನಲ್ಲಿ ಪೈಲಟ್ ಕೆಲಸವನ್ನೂ ಕಲಿಯಬಹುದು ಅಂತ ಲೈಲನಿಗೆ ಹೇಳಿ, ಯೋಧರ ಕಚೇರಿಗೆ ತಾನೇ ಕರೆದುಕೊಂಡು ಹೋಗಿ ಸೇರಿಸಿದವನೂ ವೇಡ್. ಲೈಲನಿಗೆ ಆಗ ಧಾನ್ಯದ ಗೋದಾಮಿನಲ್ಲಿ ಲಾರಿ ತೂಗುವ ಕೆಲಸ. ಚಿಕ್ಕಂದಿನಿಂದ ಹೊಲದ ಮೇಲೆ ಔಷಧಿ ಹೊಡೆಯುವ ವಿಮಾನಗಳನ್ನು ಬಾಯಿ ಬಿಟ್ಟುಕೊಂಡು ನೋಡಿದವನು ಅವನು. ಆ ಸೀಟಿನಲ್ಲಿ ತಾನೇ ಕೂರಬಹುದು ಅಂದಾಗ ಅವನಿಗೆ ಮೂರು ರಾತ್ರಿ ನಿದ್ದೆ ಹತ್ತಲಿಲ್ಲ.

ಶುರು ಎಲ್ಲ ಚೆನ್ನಾಗಿಯೇ ಇತ್ತು. ಲೈಲ್ ಮೊದಲ ಸಲ ಒಬ್ಬನೇ ಹಾರಿ ಇಳಿದ ದಿನ ವೇಡ್ ಕತ್ತರಿ ತಂದು, ಹಾರಾಟದ ಶಾಲೆಗಳ ಪದ್ಧತಿಯಂತೆ ಅವನ ಅಂಗಿಯ ಬೆನ್ನು ಕತ್ತರಿಸಿ, ಆ ತುಂಡಿನ ಮೇಲೆ ಹೆಸರು ಬರೆದು ವಿಮಾನ ನಿಲ್ಲಿಸುವ ಹ್ಯಾಂಗರಿನ ಗೋಡೆಗೆ ಹೊಡೆದ. ಲೈಲನ ಹೆಂಡತಿ ಮರ್ನಾ ಹರಿದ ಅಂಗಿ ನೋಡಿ, "ಇದೇನು, ಹಾರೋಕೆ ಹೋಗಿದ್ಯೋ ಜಗಳಕ್ಕೆ ಹೋಗಿದ್ಯೋ?" ಅಂದು ನಕ್ಕಿದ್ದಳು. ಆಮೇಲಿಂದಲೇ ಎಡಗಾಲಿನ ರಾಗ ಶುರುವಾದದ್ದು.

"ಗಾಳಿ ಇಲ್ದಿರೋ ದಿನ ನಮ್ಮಜ್ಜಿನೂ ಇಳಿಸ್ತಾಳೆ," ಅನ್ನುತ್ತಿದ್ದ ವೇಡ್. "ಬಲಗಡೆಯಿಂದ ಗಾಳಿ ಹೊಡೆದಾಗ ಇಳಿಸಿ ತೋರ್ಸು."

ಅದೂ ಸುಳ್ಳಲ್ಲ. ಬಲದಿಂದ ಗಾಳಿ ಬಂದರೆ ವಿಮಾನದ ಮೂಗು ಗಾಳಿಯ ಕಡೆಗೇ ತಿರುಗುತ್ತದೆ. ಅದನ್ನು ರನ್‌ವೇ ನೇರಕ್ಕೆ ಹಿಡಿಯಬೇಕಾದರೆ ಎಡಗಾಲಿನ ಪೆಡಲ್ ಒತ್ತಬೇಕು, ಅದೂ ಹದವಾಗಿ. ಲೈಲನಿಗೆ ಒತ್ತಲು ಪಾದವಿಲ್ಲ, ಕಣಕಾಲಿಲ್ಲ. ತೊಡೆಯಿಂದ ಒತ್ತಬೇಕು, ಮೊಂಡಿನ ತುದಿಯಲ್ಲಿ ಅಳೆಯಬೇಕು. ಹೋಗಲಿ, ಬೇರೆ ಗುರುವಿನ ಹತ್ತಿರ ಪರೀಕ್ಷಿಸಿಕೊಳ್ಳಬಹುದಿತ್ತಲ್ಲ ಅಂದರೆ, ಅದು ಸಾರ್ಜೆಂಟನ ತಲೆ ದಾಟಿದಂತೆ. ಗುರು ಸಹಿ ಹಾಕದೆ ಲೈಸೆನ್ಸ್ ಪರೀಕ್ಷೆಗೆ ಕೂರುವಂತಿಲ್ಲ, ಅದು ಕಾನೂನು. ಕಾಲಿನ ಬಗ್ಗೆ ಸರ್ಕಾರಿ ಪರೀಕ್ಷಕ ನೋಡುವುದೂ ಆ ಪರೀಕ್ಷೆಯಲ್ಲೇ. ಅಲ್ಲಿಯ ತನಕ ವೇಡ್ ಹೇಳಿದ್ದೇ ವೇದವಾಕ್ಯ.

ಲೈಲ್ ಹೋದ ಚಳಿಗಾಲವಿಡೀ ಅಡಿಗೆಮನೆಯಲ್ಲಿ ಕುರ್ಚಿ ಹಾಕಿಕೊಂಡು, ತೂಕ ನೋಡುವ ಯಂತ್ರವನ್ನು ಗೋಡೆಗೆ ಒರಗಿಸಿ, ಕಣ್ಣು ಮುಚ್ಚಿ ಎಡಗಾಲಿನಿಂದ ಒತ್ತಿದ. ಇಷ್ಟು ತೂಕ ಅಂತ ತಾನೇ ಅಂದುಕೊಂಡು ಒತ್ತುವುದು, ಮರ್ನಾ ಮುಳ್ಳು ನೋಡಿ ಸರಿ, ತಪ್ಪು ಅನ್ನುವುದು. ಮಾಗಿ ಕಳೆಯುವಷ್ಟರಲ್ಲಿ ಅವನು ತಪ್ಪುವುದೇ ನಿಂತುಹೋಗಿತ್ತು. ಮೊಂಡಿನ ತುದಿ ಮಾತ್ರ ಸುಲಿದು ಕೆಂಪಾಗಿತ್ತು.

ವೇಡ್ ಮತ್ತೆ ಎಡಗಾಲಿನ ಮಾತೆತ್ತಿದ ಆ ಸಂಜೆ ಲೈಲ್ ಮನೆಗೆ ಬಂದಾಗ ಮರ್ನಾ ಅವನ ಮುಖ ನೋಡಿಯೇ ಬೆಂಕಿಯಾದಳು.

"ಮತ್ತೆ ಇನ್ನೊಂದು ಸ್ವಲ್ಪನಾ?"

"ಹ್ಞೂಂ."

"ಲೈಲ್, ನಂಗೊಂದು ಹೇಳು. ಆ ಹಂದಿ ಸಾಕೋ ರೈಮರ್ ಮಗ ನಿಂಗಿಂತ ಆಮೇಲೆ ಸೇರ್ದ. ಮನೆ ದುಡ್ಡಲ್ಲಿ ಕಲ್ತ. ಆಗ್ಲೇ ಲೈಸೆನ್ಸ್ ತಗೊಂಡು ಊರ ಮೇಲೆ ಸುತ್ತಾಡ್ತಿದ್ದಾನೆ. ಬ್ಯಾಂಕಿನ ಆ ಹುಡುಗಿನೂ ಅಷ್ಟೆ. ಸರ್ಕಾರದ ದುಡ್ಡಲ್ಲಿ ಕಲಿಯೋರಿಗೇ ಯಾಕೆ ಕಾಲು ಬರಲ್ಲ, ಕೈ ಬರಲ್ಲ?"

"ಅವ್ರಿಗೆಲ್ಲ ಎರಡೆರಡು ಕಾಲಿದೆ ಮರ್ನಾ."

"ಇನ್ನೊಬ್ಬ ಗುರು ಹತ್ರ ಒಂದ್ಸಲ ಹಾರಿ ನೋಡು ಅಂದ್ರೆ ಏನಾಗುತ್ತೆ ನಿಂಗೆ?"

"ಸಾರ್ಜೆಂಟ್ ಮೇಲೆ ನಂಬಿಕೆ ಇಲ್ಲ ಅಂದಂಗಾಗುತ್ತೆ."

ಮರ್ನಾ ಮಾಂಸ, ಕಾಳು ಹಾಕಿದ ಚಿಲಿ ಸಾರಿನ ಬಟ್ಟಲನ್ನೂ ದಾಲ್ಚಿನ್ನಿ ಬನ್ನನ್ನೂ ಅವನ ಮುಂದೆ ಕುಕ್ಕಿದಳು. "ಶರತ್ಕಾಲಕ್ಕೆ ಸರ್ಕಾರದ ಅವಧಿ ಮುಗಿಯುತ್ತೆ. ಅಷ್ಟರೊಳಗೆ ಪರೀಕ್ಷೆ ಆಗ್ಲಿಲ್ಲ ಅಂದ್ರೆ ಮುಗೀತು, ಜೀವನಪೂರ್ತಿ ಲಾರಿ ತೂಗ್ತಾ ಕೂತ್ಕೋ. ನಿನ್ನ ಸಾರ್ಜೆಂಟ್ ಬಂದು ತಕ್ಕಡಿ ಹಿಡೀತಾನಾ ಕೇಳು."

ಲೈಲ್ ತಲೆ ತಗ್ಗಿಸಿ ಉಂಡ. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಅದಕ್ಕೇ ಅವನಿಗೆ ಸಿಟ್ಟು ಬಂದಿತ್ತು.

ಮುಂದಿನ ವಾರ ವೇಡನ ದವಡೆಹಲ್ಲು ಕೈಕೊಟ್ಟಿತು. ಹಲ್ಲು ಕೀಳಿಸಿಕೊಂಡು ಮುಖ ಊದಿಸಿಕೊಂಡು ಮಲಗಿದ್ದ ಅವನು, ಪಾಠ ತಪ್ಪಿದರೆ ಸರ್ಕಾರದಿಂದ ಆ ಗಂಟೆಗಳ ದುಡ್ಡೂ ತಪ್ಪುತ್ತದಲ್ಲ ಅಂತ, ತನ್ನ ಬದಲಿಗೆ ಆರ್ಫಾ ಲಿಂಡ್ ಅನ್ನುವ ಮುದುಕಿಯನ್ನು ಕಳಿಸಿದ. ಆರ್ಫಾ ಮೂವತ್ತು ವರ್ಷ ಔಷಧಿ ಹೊಡೆಯುವ ವಿಮಾನ ಓಡಿಸಿ, ಈಗ ಅಲ್ಲಿ ಇಲ್ಲಿ ಪಾಠ ಹೇಳುತ್ತಿದ್ದವಳು. ಹಲ್ಲುಕಡ್ಡಿ ಕಚ್ಚಿಕೊಂಡೇ ಮಾತಾಡುವ ಅಭ್ಯಾಸ ಅವಳದು.

ಆವತ್ತು ನೋಡಿ, ಬಲಗಡೆಯಿಂದ ಗಾಳಿ ಬಾಗಿಲು ಕಿತ್ತುಹೋಗುವ ಹಾಗೆ ಹೊಡೆಯುತ್ತಿತ್ತು.

"ಇಂಥ ಗಾಳೀಲಿ ಸಾರ್ಜೆಂಟ್ ನನ್ನ ಬಿಡಲ್ಲಮ್ಮ," ಅಂದ ಲೈಲ್. "ನನ್ನ ಎಡಗಾಲು ಸಾಲಲ್ಲ."

"ಸಾಲುತ್ತೋ ಬಿಡುತ್ತೋ ಮೇಲೆ ಹೋಗಿ ನೋಡಣ. ನೀನು ಕೆಡಿಸಿದ್ರೆ ನಾನಿದ್ದೀನಲ್ಲ. ನಂಗಿನ್ನೂ ಸಾಯೋ ಆಸೆ ಇಲ್ಲ."

ಮೊದಲ ಸಲ ಇಳಿಸುವಾಗ ಲೈಲನ ಬೆನ್ನು ತೊಯ್ದುಹೋಗಿತ್ತು. ಬಲರೆಕ್ಕೆ ತಗ್ಗಿಸಿ, ಎಡಗಾಲು ಒತ್ತಿ, ಮೂಗು ನೇರ ಹಿಡಿದು ನೆಲಕ್ಕೆ ಬಂದ. ಬಲಚಕ್ರ ಮೊದಲು ಮುಟ್ಟಿತು, ಆಮೇಲೆ ಎಡದ್ದು. ಆರ್ಫಾ ಕೈ ಮಡಚಿಕೊಂಡು ಕೂತೇ ಇದ್ದಳು. "ಇನ್ನೊಂದ್ಸಲ," ಅಂದಳು. ಮತ್ತೆ ಇಳಿಸಿದ. ಮತ್ತೆ ಇನ್ನೊಂದು ಸಲ ಅಂದಳು. ಗಾಳಿ ಜೋರಾಗುತ್ತಲೇ ಹೋಯಿತು, ಅವನು ಇಳಿಸುತ್ತಲೇ ಹೋದ. ಕೊನೆಗೆ ಎಂಜಿನ್ ನಿಲ್ಲಿಸಿದಾಗ ಅವಳು ಹಲ್ಲುಕಡ್ಡಿಯನ್ನು ಬಾಯಿಂದ ತೆಗೆದು ಅವನ ಮುಖ ನೋಡಿದಳು.

"ಯಾರಪ್ಪ ಹೇಳಿದ್ದು ನಿಂಗೆ, ಈ ಕಾಲು ಸಾಲಲ್ಲ ಅಂತ?"

"ಸಾರ್ಜೆಂಟ್ ಓಸ್ಟರ್."

"ಯಾವಾಗ್ಲಿಂದ ಹೇಳ್ತಿದ್ದಾನೆ?"

"ಹೋದ ವರ್ಷದ ಕಟಾವಿಂದ."

ಆರ್ಫಾ ಆ ಹಲ್ಲುಕಡ್ಡಿಯನ್ನು ಎರಡು ತುಂಡು ಮಾಡಿದಳು. "ನೋಡು ಮರಿ, ಎರಡು ಕಾಲಿರೋರು ಈ ಗಾಳೀಲಿ ಅರ್ಧ ರನ್‌ವೇ ಬಿಟ್ಟು ಗೋಧಿ ಹೊಲಕ್ಕೆ ಇಳಿಸ್ತಾರೆ. ನಿನ್ನ ಕಾಲಿಗೇನೂ ಆಗಿಲ್ಲ. ನನ್ನ ಶಿಷ್ಯ ಆಗಿದ್ರೆ ಹಿಮ ಕರಗೋಕೆ ಮುಂಚೆನೇ ಪರೀಕ್ಷೆಗೆ ಕಳಿಸಿರ್ತಿದ್ದೆ," ಅಂದಳು.

ಇಂಥ ಮಾತು ಕೇಳಿ ಇನ್ನೊಬ್ಬನಾಗಿದ್ದರೆ ಕುಣಿದಾಡುತ್ತಿದ್ದ. ಲೈಲ್ ಮಾತ್ರ ಮನೆಗೆ ಬರುವ ದಾರಿಯುದ್ದಕ್ಕೂ ವೇಡನ ಪರವಾಗಿ ತಾನೇ ವಕಾಲತ್ತು ವಹಿಸಿದ. ಸಾರ್ಜೆಂಟಿಗೆ ತನ್ನ ಮೇಲೆ ಪ್ರೀತಿ ಹೆಚ್ಚು, ಅದಕ್ಕೆ ಎಚ್ಚರ ಹೆಚ್ಚು. ಒಮ್ಮೆ ಸಾವಿನ ಬಾಯಿಂದ ಎಳೆದು ತಂದವನನ್ನು ಮತ್ತೆ ಸಾವಿನ ಹತ್ತಿರ ಬಿಡಲು ಯಾರಿಗೆ ಮನಸ್ಸು ಬರುತ್ತೆ? ಹೀಗೆ ಅಂದುಕೊಂಡೇ ಮನೆ ಬಾಗಿಲು ತೆಗೆದ. ಒಳಗೆ ಮರ್ನಾ ಫೋನು ಹಿಡಿದುಕೊಂಡು ನಿಂತಿದ್ದಳು. ಯೋಧರ ಕಚೇರಿಯ ಕೌನ್ಸೆಲರ್ ಹ್ಯಾಸೆಟ್ ಕರೆ ಮಾಡಿದ್ದಳು.

ಹ್ಯಾಸೆಟ್ ಒಳ್ಳೆಯ ಹೆಂಗಸು. ಮೆಲ್ಲಗೆ, ಆಸ್ಪತ್ರೆಯಲ್ಲಿ ಮಾತಾಡುವ ಹಾಗೆ ಮಾತಾಡಿದಳು.

"ಲೈಲ್ ಅವ್ರೇ, ನಿಮ್ಮ ತರಬೇತಿ ನಿಲ್ಲಿಸೋ ವಿಚಾರ ಬಂದಿದೆ. ನಿಮ್ಮ ಗುರುಗಳು ಪ್ರತಿ ಸಲ ಹೆಚ್ಚು ಗಂಟೆ ಕೇಳಿದಾಗಲೂ ಎಡಗಾಲು ಸ್ಪಂದಿಸ್ತಿಲ್ಲ, ಅದಕ್ಕೆ ಅಂತ ಹೇಳ್ತಾ ಬಂದಿದ್ದಾರೆ. ಇಷ್ಟು ಕಾಲ ಕಲಿಸಿದ್ರೂ ಕಾಲು ಬರಲ್ಲ ಅಂದ್ರೆ ಈ ಕಸುಬು ನಿಮಗೆ ಸಾಧ್ಯ ಇಲ್ಲ ಅಂತ ನಾವು ತೀರ್ಮಾನ ಮಾಡ್ಬೇಕಾಗುತ್ತೆ."

"ಆದ್ರೆ ನನ್ನ ಕಾಲು ಸರಿಯಾಗಿದೆ."

"ಹಾಗಿದ್ರೆ ಬರೋ ಗುರುವಾರ ಬನ್ನಿ. ನಿಮ್ಮ ಗುರುಗಳು ಬಂದು ನೀವು ಪರೀಕ್ಷೆಗೆ ತಯಾರು ಅಂದ್ರೆ ಸಾಕು, ಮುಂದುವರಿಸ್ತೀವಿ. ಅವ್ರ ಮಾತೇ ನಮಗೆ ಮುಖ್ಯ."

ಆಗ ಲೈಲನಿಗೆ ಎಲ್ಲ ಅರ್ಥವಾಯಿತು. ಅರ್ಥವಾದದ್ದನ್ನು ಬಾಯಿಬಿಟ್ಟು ಹೇಳಲು ಮಾತ್ರ ಅವನಿಂದ ಆಗಲಿಲ್ಲ, ಮರ್ನಾ ಎದುರಿಗೂ ಆಗಲಿಲ್ಲ.

ಮಾರನೆಯ ಬೆಳಿಗ್ಗೆ ಅವನು ಹ್ಯಾಂಗರಿಗೆ ಹೋದ. ವೇಡ್ ಒಂದು ಕೆನ್ನೆ ಊದಿಸಿಕೊಂಡು ಎಣ್ಣೆ ಬದಲಾಯಿಸುತ್ತಿದ್ದ. ಲೈಲ್ ಅವನ ಹಿಂದೆ ನಿಂತು, ಕೌನ್ಸೆಲರ್ ಹೇಳಿದ್ದನ್ನೂ ಆರ್ಫಾ ಹೇಳಿದ್ದನ್ನೂ ಒಂದಕ್ಷರ ಬಿಡದೆ ಒಪ್ಪಿಸಿ, "ಹೌದಾ ಸಾರ್ಜೆಂಟ್?" ಅಂತ ಕೇಳಿದ.

ವೇಡ್ ಬಟ್ಟೆಗೆ ಕೈ ಒರೆಸಿದ. ಒರೆಸುತ್ತಲೇ ಇದ್ದ.

"ಶಾಲೆ ನಡೀಬೇಕಲ್ಲೋ," ಅಂದ ಕೊನೆಗೆ. "ಮನೆ ದುಡ್ಡಲ್ಲಿ ಕಲಿಯೋರು ವರ್ಷಕ್ಕೆ ಇಬ್ರು ಬಂದ್ರೆ ಹೆಚ್ಚು. ಸರ್ಕಾರದ ಕಡೆಯಿಂದ ಉಳಿದಿದ್ದೋನು ನೀನೊಬ್ಬನೇ. ನೀನು ಪಾಸಾಗಿ ಹೋದ್ರೆ ಮಾರನೇ ದಿನ ನಾನು ಬಾಗಿಲಿಗೆ ಬೀಗ ಹಾಕ್ಬೇಕಿತ್ತು. ಹೆಚ್ಚು ಗಂಟೆ ಮಂಜೂರಾಗ್ಬೇಕು ಅಂದ್ರೆ ಏನಾದ್ರೂ ಕಾರಣ ಕೊಡ್ಬೇಕಲ್ಲ, ಕಾಲು ಅಂದೆ. ಇನ್ನೇನು ಸಹಿ ಹಾಕಿ ಕಳಿಸ್ಬೇಕು ಅಂತಲೇ ಇದ್ದೆ. ಅವ್ರು ಹಿಂಗೆ ನಿನ್ನೇ ತೆಗೆದುಹಾಕ್ತಾರೆ ಅಂತ ನಂಗೇನು ಗೊತ್ತು?"

"ಇಡೀ ಚಳಿಗಾಲ ನಾನು ಈ ಕಾಲನ್ನ ಬೈದಿದೀನಿ ಸಾರ್ಜೆಂಟ್. ಬಚ್ಚಲಲ್ಲಿ ಒಬ್ನೇ ಕೂತ್ಕೊಂಡು ಬೈದಿದೀನಿ."

"ಗೊತ್ತು ಕಣೋ."

"ಗೊತ್ತಿದ್ದೂ ಸುಮ್ಮನಿದ್ರಿ."

ವೇಡನ ಕಣ್ಣು ತುಂಬಿ ಬಂತು. ಆ ಕಣ್ಣೀರು ನಾಟಕವಲ್ಲ, ಅಷ್ಟನ್ನು ಒಪ್ಪಲೇಬೇಕು. ನಾಟಕವಾಗಿದ್ದರೆ ಒಳ್ಳೆಯದಿತ್ತು, ಲೈಲ್ ಬಚಾವಾಗುತ್ತಿದ್ದ. "ತಪ್ಪಾಯ್ತು," ಅಂದ ವೇಡ್. "ಗುರುವಾರ ನಾನೇ ಬರ್ತೀನಿ. ಹುಡುಗ ಯಾವಾಗ್ಲೋ ತಯಾರಾಗಿದ್ದಾನೆ, ಕಾಲಿನ ಮಾತು ನಾನು ಕಟ್ಟಿದ್ದು ಅಂತ ಬಾಯಾರೆ ಹೇಳ್ತೀನಿ. ಶಾಲೆ ಹೋದ್ರೆ ಹೋಗ್ಲಿ. ನಿನ್ನ ಆವತ್ತು ಬಿಟ್ಟು ಬರ್ಲಿಲ್ಲ, ಈಗ ಬಿಡ್ತೀನಾ?"

ಲೈಲ್ ಅವನ ಕೈ ಹಿಡಿದುಕೊಂಡ. ಇಬ್ಬರೂ ಎಣ್ಣೆ ಡಬ್ಬಗಳ ಮೇಲೆ ಕೂತು ಕಾಫಿ ಕುಡಿದರು. ವೇಡನ ಊದಿದ ಕೆನ್ನೆ ನೋಡಿ ಲೈಲ್ ತಮಾಷೆಯನ್ನೂ ಮಾಡಿದ. ಕ್ಷಮಿಸಿದ ಮೇಲೆ ಎಷ್ಟು ಹಗುರವಾಗುತ್ತೆ ಅಂದರೆ, ಆವತ್ತು ಅವನು ಗೋದಾಮಿಗೆ ಸಿಳ್ಳೆ ಹಾಕಿಕೊಂಡು ಹೋದ.

ಮರ್ನಾ ಸಿಳ್ಳೆಗೆಲ್ಲ ಬಗ್ಗುವವಳಲ್ಲ. "ಆರ್ಫಾನೂ ಕರ್ಕೊಂಡು ಹೋಗು," ಅಂದಳು. "ಅವಳೇ ಫೋನ್ ಮಾಡಿದ್ಲು, ಗುರುವಾರದ ವಿಷ್ಯ ಹೇಳ್ದೆ. ಬರ್ಲೇನಮ್ಮ ನಾನೂ, ಒಂದು ಮಾತು ಹೇಳ್ತೀನಿ ಅಂದ್ಲು. ನಾನೂ ಬರ್ತೀನಿ."

"ಬೇಡ. ಸಾಕ್ಷಿ ಕಟ್ಕೊಂಡು ಹೋದ್ರೆ ಸಾರ್ಜೆಂಟಿಗೆ ಅವಮಾನ. ಆ ಮನುಷ್ಯ ತನ್ನ ಶಾಲೆನೇ ಕಳ್ಕೊಳ್ಳೋಕೆ ತಯಾರಾಗಿದ್ದಾನೆ, ಅವನ ಹಿಂದೆ ಕಾವಲಿಗೆ ಜನ ನಿಲ್ಲಿಸ್ಲಾ?"

"ಒಂದು ಸಲ ಕಚ್ಚಿದ ನಾಯಿ ಅದು."

"ನನ್ನ ಹೊತ್ಕೊಂಡು ಬಂದೋನು ಮರ್ನಾ."

"ಹಾಗಿದ್ರೆ ನಿನ್ನಿಷ್ಟ," ಅಂದಳು. ಹೀಗೆ ಅಂದಾಗ ಅವಳ ಇಷ್ಟ ಅದಲ್ಲ ಅಂತ ಯಾವ ಗಂಡನಿಗೂ ಗೊತ್ತಾಗುತ್ತೆ. ಲೈಲನಿಗೂ ಗೊತ್ತಾಯಿತು. ಆದರೂ ಆರ್ಫಾಗೆ ತಾನೇ ಫೋನು ಮಾಡಿ ಬೇಡ ಅಂದ.

ಗುರುವಾರ ಇಬ್ಬರೂ ವೇಡನ ಪಿಕಪ್ಪಿನಲ್ಲಿ ಹೊರಟರು. ಎರಡು ತಾಸಿನ ದಾರಿ. ಮೊದಲ ತಾಸು ವೇಡ್ ಸೈನ್ಯದ ಹಳೆ ಕಥೆ ಹೇಳಿ ನಗಿಸಿದ. ಎರಡನೆಯ ತಾಸಿನಲ್ಲಿ ಅವನ ಮಾತು ಕಡಿಮೆಯಾಯಿತು. ಹಲ್ಲು ನೋವಿರಬೇಕು ಅಂದುಕೊಂಡ ಲೈಲ್.

ಹ್ಯಾಸೆಟ್ ಕೋಣೆಯಲ್ಲಿ ಮೂರು ಕುರ್ಚಿ, ಒಂದು ಮೇಜು. ಅವಳು ಇಬ್ಬರಿಗೂ ನೀರು ಕೊಟ್ಟು ವೇಡನ ಕಡೆ ತಿರುಗಿದಳು.

"ಓಸ್ಟರ್ ಅವ್ರೇ, ಇವ್ರು ತಮ್ಮ ಕಾಲು ಸರಿಯಾಗಿದೆ ಅಂತಾರೆ. ನೀವು ಇಷ್ಟು ದಿನ ಇಲ್ಲ ಅಂತ ಹೇಳ್ತಾ ಬಂದಿದ್ದೀರಿ. ಹೆಚ್ಚಿನ ಗಂಟೆ ಎಲ್ಲ ಅದರ ಮೇಲೇ ಕೊಟ್ಟಿದ್ದು. ಈಗ ಕಾಲು ಸರಿ ಇತ್ತು ಅಂದ್ರೆ ನಾನು ಅದನ್ನ ಮೇಲಕ್ಕೆ ತಿಳಿಸ್ಬೇಕಾಗುತ್ತೆ, ತನಿಖೆನೂ ಆಗಬಹುದು. ಆದ್ರಿಂದ ಯೋಚಿಸಿ ಹೇಳಿ. ಇವ್ರು ಪರೀಕ್ಷೆಗೆ ತಯಾರಿದ್ದಾರಾ?"

ವೇಡ್ ನೀರು ಕುಡಿದ. ಲೋಟ ಕೆಳಗಿಟ್ಟ. ಲೈಲ್ ಅವನ ಕಡೆ ನೋಡಿ ಸ್ವಲ್ಪ ತಲೆ ಆಡಿಸಿದ, ಹೇಳಿ ಸಾರ್ಜೆಂಟ್, ನಾನಿದ್ದೀನಿ ಅನ್ನುವ ಹಾಗೆ. ತನ್ನನ್ನು ಉಳಿಸಲು ಬಂದವನಿಗೆ ತಾನೇ ಧೈರ್ಯ ಹೇಳುತ್ತಿದ್ದ ಪುಣ್ಯಾತ್ಮ.

"ಇಲ್ಲ ಮೇಡಂ," ಅಂದ ವೇಡ್. "ನಾನು ನನ್ನ ಕೈಲಾದ್ದೆಲ್ಲ ಮಾಡ್ದೆ. ಇವನಷ್ಟು ಕಷ್ಟಪಡೋ ಹುಡುಗನ್ನ ನಾನು ನೋಡಿಲ್ಲ. ಆದ್ರೆ ಕಾಲು ಬರ್ಲಿಲ್ಲ. ಬರೋದೂ ಇಲ್ಲ."

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು ಅಂತ ಜನ ಸುಮ್ಮನೆ ಅನ್ನುವುದಿಲ್ಲ. ಲೈಲನಿಗೆ ಮೊದಲು ತನ್ನ ಕಿವಿಯ ಮೇಲೆ ಅನುಮಾನ ಬಂತು. ಆಮೇಲೆ ಬದುಕಿನಲ್ಲಿ ಒಂದೇ ಒಂದು ಸಲ ಅವನು ಸಾರ್ಜೆಂಟನ ತಲೆ ದಾಟಿದ.

"ಸುಳ್ಳು ಹೇಳ್ತಿದ್ದಾನೆ ಮೇಡಂ. ಮೊನ್ನೆ ಹ್ಯಾಂಗರಲ್ಲಿ ನನ್ನೆದುರಿಗೇ ಒಪ್ಕೊಂಡಿದ್ದಾನೆ. ಶಾಲೆ ಉಳಿಸ್ಕೊಳ್ಳೋಕೆ ನನ್ನ ಇಟ್ಕೊಂಡಿದ್ದ. ಆರ್ಫಾ ಲಿಂಡ್ ಅಂತ ಇದ್ದಾಳೆ, ಅವಳನ್ನ ಕೇಳಿ. ಅವಳ ಜೊತೆ ಆ ಗಾಳೀಲಿ ನಾನು ಇಳಿಸಿದ್ದೀನಿ."

"ಅವ್ರ ಜೊತೆ ಎಷ್ಟು ಸಲ ಹಾರಿದ್ದೀರಿ?"

"ಒಂದು ದಿನ."

ಹ್ಯಾಸೆಟ್ ವೇಡನನ್ನು ನೋಡಿದಳು. ವೇಡ್ ಮೇಜಿನ ಕಡೆ ನೋಡುತ್ತಾ, "ಆರ್ಫಾ ಒಳ್ಳೇ ಮನಸ್ಸಿನೋಳು. ಯಾರಿಗೂ ಇಲ್ಲ ಅನ್ನೋಳಲ್ಲ," ಅಂದ.

ಅವಳು ಮುಂದಕ್ಕೆ ಬಾಗಿ ಲೈಲನ ಕೈ ಮೇಲೆ ಕೈಯಿಟ್ಟಳು. "ಲೈಲ್ ಅವ್ರೇ, ನಿಮ್ಮ ನೋವು ನಂಗೆ ಅರ್ಥವಾಗುತ್ತೆ. ಕಾಲು ಕಳ್ಕೊಂಡೋರು ತುಂಬ ಜನ ಈ ಕುರ್ಚೀಲಿ ಕೂತಿದ್ದಾರೆ. ಆಗಲ್ಲ ಅನ್ನೋದನ್ನ ಒಪ್ಕೊಳ್ಳೋದು ಬಹಳ ಕಷ್ಟ. ಹತ್ತಿರದೋರ ಮೇಲೇ ಸಿಟ್ಟು ಬರುತ್ತೆ. ನಿಮಗೆ ಮಾತಾಡೋಕೆ ಒಬ್ಬ ಮನಃಶಾಸ್ತ್ರಜ್ಞರನ್ನ ಗೊತ್ತುಮಾಡ್ತೀನಿ. ಕೂತು ಮಾಡೋ ಬೇರೆ ಕೆಲ್ಸನೂ ನೋಡಣ."

ಅವಳ ದನಿಯಲ್ಲಿ ನಿಜವಾದ ಕನಿಕರವಿತ್ತು. ಲೈಲ್ ಇನ್ನೂ ಎರಡು ಮಾತಾಡಿದ, ಮೂರು ಮಾತಾಡಿದ. ಜೋರಾಗಿ ಮಾತಾಡಿದಷ್ಟೂ ಅವಳ ಮುಖದಲ್ಲಿ ಕನಿಕರ ಹೆಚ್ಚುತ್ತಾ ಹೋಯಿತು. ತಾನು ಹೇಳುವ ನಿಜವೆಲ್ಲ ಅವಳಿಗೆ ಕಾಯಿಲೆಯ ಲಕ್ಷಣದ ಹಾಗೆ ಕೇಳಿಸುತ್ತಿದೆ ಅಂತ ಗೊತ್ತಾದ ಮೇಲೆ ಅವನು ಬಾಯಿ ಮುಚ್ಚಿದ. ತರಬೇತಿ ಅಲ್ಲಿಗೆ ಮುಗಿಯಿತು. ಮೇಲ್ಮನವಿ ಹಾಕಬಹುದು, ತೀರ್ಪು ಬರುವಷ್ಟರಲ್ಲಿ ಅವಧಿ ಮುಗಿದಿರುತ್ತೆ, ಅಲ್ಲೂ ಗುರುವಿನ ಮಾತನ್ನೇ ನೋಡುತ್ತಾರೆ ಅಂತ ಅವಳೇ ಪ್ರಾಮಾಣಿಕವಾಗಿ ಹೇಳಿದಳು.

ಹೊರಗೆ ಕಾರು ನಿಲ್ಲಿಸುವ ಜಾಗದಲ್ಲಿ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ವೇಡ್ ಪಿಕಪ್ಪಿನ ಬಾಗಿಲು ತೆಗೆದು ಹಿಡಿದುಕೊಂಡು ನಿಂತ.

"ಹತ್ತೋ."

ಲೈಲ್ ಹತ್ತಲಿಲ್ಲ.

"ತನಿಖೆ ಅಂದ್ಲಲ್ಲೋ. ನನ್ನ ಲೈಸೆನ್ಸ್ ಹೋಗುತ್ತೆ, ಜೈಲೂ ಆಗಬಹುದು. ಹೇಳಣ ಅಂತಲೇ ಬಂದೆ, ದೇವರಾಣೆ. ಬಾಯಿಗೆ ಬರ್ಲಿಲ್ಲ." ಅವನು ಬಾಗಿಲನ್ನು ಇನ್ನಷ್ಟು ಅಗಲ ತೆಗೆದ. "ಕೇಳು ಇಲ್ಲಿ. ನಿಂಗೆ ಯಾವಾಗ ಬೇಕೋ ಆವಾಗ ಬಾ. ಬಿಟ್ಟಿ ಹಾರಿಸ್ತೀನಿ, ಬದುಕಿರೋ ತನಕ. ನಾನು ಪಕ್ಕದಲ್ಲಿ ಕೂತಿರ್ತೀನಿ, ನೀನೇ ಇಳಿಸು."

"ನೀನು ಹೋಗು," ಅಂದ ಲೈಲ್.

ಇಷ್ಟು ವರ್ಷದಲ್ಲಿ ಅವನನ್ನು ನೀನು ಅಂದದ್ದು ಅದೇ ಮೊದಲು. ವೇಡನಿಗೆ ಕಪಾಳಕ್ಕೆ ಬಿಗಿದ ಹಾಗಾಯಿತು.

"ನಿನ್ನ ಹೊತ್ಕೊಂಡು ಬಂದೋನು ಕಣೋ ನಾನು."

"ಹೌದು. ಅದಕ್ಕೇ ನೀನು ಹೇಳಿದ್ದನ್ನೆಲ್ಲ ನಂಬ್ದೆ. ನನ್ನ ಕಾಲು ಹೇಳಿದ್ದನ್ನ ಬಿಟ್ಟು ನೀನು ಹೇಳಿದ್ದನ್ನ ನಂಬ್ದೆ. ಇನ್ನು ಆ ಮಾತು ನನ್ನ ಹತ್ರ ಎತ್ತಬೇಡ."

ವೇಡ್ ಹಿಡಿದಿದ್ದ ಬಾಗಿಲು ಮುಚ್ಚಿದ. ಆಮೇಲೆ ಪಿಕಪ್ ಹತ್ತಿ ಹೋದ.

ಲೈಲ್ ಮರ್ನಾಗೆ ಫೋನು ಮಾಡಿದ. "ಬಂದು ಕರ್ಕೊಂಡು ಹೋಗು," ಅಂದ.

"ಏನಾಯ್ತು? ಓಸ್ಟರ್ ಹೇಳಿದ್ನಾ?"

"ಹೇಳ್ದ."

"ಏನಂತ?"

"ಕಾಲು ಬರಲ್ಲ ಅಂತ."

ಮರ್ನಾ ನಾನು ಮೊದಲೇ ಹೇಳಿರಲಿಲ್ಲವಾ ಅನ್ನಬಹುದಿತ್ತು, ಅನ್ನಲಿಲ್ಲ. "ಇಗೋ ಹೊರಟೆ, ನೆರಳಲ್ಲಿ ಕೂತಿರು," ಅಂದಳು.

ಅಲ್ಲಿ ನೆರಳೇ ಇರಲಿಲ್ಲ. ಅವನು ಕಟ್ಟೆಯ ಮೇಲೆ ಕೂತು ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಕಾಲು ಹೋದಾಗಲೂ ಹೀಗೆ ಅತ್ತಿರಲಿಲ್ಲ. ಆ ಬಾಂಬು ಹೂತಿಟ್ಟವನಿಗೆ ಇವನ ಹೆಸರೂ ಗೊತ್ತಿರಲಿಲ್ಲ, ಅವನ ಮೇಲೆ ಅಳುವುದಕ್ಕೆ ಏನಿತ್ತು? ವೇಡನಿಗೆ ಎಲ್ಲವೂ ಗೊತ್ತಿತ್ತು.

ಅಳು ನಿಂತ ಮೇಲೆ ಎದುರಿಗಿದ್ದ ಸಿಮೆಂಟಿನ ಅಂಚಿಗೆ ಎಡಗಾಲನ್ನು ಊರಿದ. ಯಾಕೆ ಅಂತ ಅವನಿಗೇ ಗೊತ್ತಿರಲಿಲ್ಲ. ಕಣ್ಣು ಮುಚ್ಚಿ, ಬಲಗಡೆಯಿಂದ ಗಾಳಿ ಹೊಡೆಯುತ್ತಿದೆ ಅಂದುಕೊಂಡು, ಮೆಲ್ಲಗೆ ಒತ್ತಿದ. ಕಾಲು ಒತ್ತಿತು. ಬಿಟ್ಟ, ಬಿಟ್ಟಿತು. ಸ್ವಲ್ಪವೇ ಸ್ವಲ್ಪ ಒತ್ತಿದ, ಸ್ವಲ್ಪವೇ ಸ್ವಲ್ಪ ಒತ್ತಿತು. ಹೇಳಿದಷ್ಟನ್ನೇ ಮಾಡಿತು, ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಅವನು ಮತ್ತೆ ಮತ್ತೆ ಒತ್ತಿ ನೋಡಿದ, ಮರ್ನಾಳ ಕಾರು ಬಂದು ನಿಂತಾಗಲೂ ಒತ್ತಿ ನೋಡುತ್ತಲೇ ಇದ್ದ. ಆದರೂ ಅವನಿಗೆ ಆ ಕಾಲಿನ ಮೇಲೆ ನಂಬಿಕೆ ಬರಲಿಲ್ಲ.